ಒಂದೇ ಸ್ವರ, ಆರು ಸಲ

ಮಾವ ಮೂವತ್ತೊಂದು ವರ್ಷ ರಂಗಮಂದಿರದ ವಾದ್ಯವೃಂದದಲ್ಲಿ ಎರಡನೆಯ ಕ್ಲಾರಿನೆಟ್ ನುಡಿಸಿದವರು. ಎರಡನೆಯ ಕ್ಲಾರಿನೆಟ್ ಇದ್ದದ್ದು ಯಾರಿಗೂ ಗೊತ್ತಾಗಬಾರದು. ಇಲ್ಲದಿದ್ದರೆ ಮಾತ್ರ ಗೊತ್ತಾಗಬೇಕು. ಆ ಕೆಲಸವನ್ನು ಅವರು ಎಷ್ಟು ನಿಷ್ಠೆಯಿಂದ ಮಾಡಿದರೆಂದರೆ, ಬೀಳ್ಕೊಡುಗೆಯ ದಿನ ಮ್ಯಾನೇಜರು ಅವರನ್ನು ಕೊಳಲಿನವರೆಂದು ತಿಳಿದು ಹತ್ತು ನಿಮಿಷ ಹೊಗಳಿದರು. ಮಾವ ಆಗಲೂ ಅಪಸ್ವರ ಎತ್ತಲಿಲ್ಲ.

ಅವರ ಹೆಂಡತಿಯ ಅಣ್ಣನ ಮಗಳು ಕೆಲಸ ಮಾಡುವುದು ವಾದ್ಯಗಳನ್ನು ಕಂಪ್ಯೂಟರಿನೊಳಗೆ ಕೂರಿಸಿ ಮಾರುವ ಕಂಪನಿಯಲ್ಲಿ. ಹಾಡು ಕಟ್ಟುವವರು ಕೀಲಿ ಒತ್ತಿದರೆ ಕ್ಲಾರಿನೆಟ್ ಕೇಳಿಸಬೇಕು. ಅದಕ್ಕೆ ಮೊದಲು ಯಾರಾದರೂ ನಿಜವಾಗಿ ಊದಿರಬೇಕು. ಅದೂ ಒಂದೊಂದು ಸ್ವರವನ್ನು ಆರು ಸಲ. ಕೀಲಿಯನ್ನು ಮತ್ತೆ ಮತ್ತೆ ಒತ್ತಿದಾಗ ಆರೂ ಸರದಿಯಂತೆ ಬರುತ್ತವೆ. ಒಂದೇ ಧ್ವನಿ ಮರುಕಳಿಸಿದರೆ ಕಿವಿಗೆ ಮೊಳೆ ಹೊಡೆದ ಹಾಗಾಗುತ್ತದೆ. ಈ ಸೊಸೆ ಅದಕ್ಕೆ ಮಾವನನ್ನು ಕರೆಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಆ ವಾದ್ಯದ ಪಕ್ಕ ಅವರೊಬ್ಬರದೇ ಹೆಸರು ಬರುವುದಿತ್ತು, ಬದುಕಿನಲ್ಲಿ ಮೊದಲ ಸಲ.

ಮೊದಲ ದಿನದ ರೆಕಾರ್ಡಿಂಗನ್ನು ಮರುದಿನ ಬೆಳಿಗ್ಗೆ ಕೇಳಿದ ಕಂಪನಿಯ ಯಜಮಾನರು ಹೆಡ್‌ಫೋನ್ ತೆಗೆದಿಟ್ಟರು.

"ಒಂದನ್ನೇ ಆರು ಸಲ ಕಾಪಿ ಹೊಡ್ದಿದ್ದೀಯಲ್ಲಮ್ಮ."

"ಇಲ್ಲ ಸರ್, ಆರು ಸಲಾನೂ ಊದಿದ್ದಾರೆ."

"ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ. ಇವತ್ತೊಂದು ದಿನ ನೋಡು. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೆಸೋಣ."

ಸೊಸೆ ಹಿಂಜರಿಯುತ್ತಲೇ ಹೇಳಿದಳು: "ಮಾವ, ಸ್ವಲ್ಪ ಹೆಚ್ಚುಕಮ್ಮಿ ಆಗ್ಬೇಕಂತೆ."

"ಹೆಚ್ಚುಕಮ್ಮಿ ಆಗ್ಬಾರ್ದು ಅಂತಾನೇ ನಂಗೆ ಸಂಬಳ ಕೊಡ್ತಿದ್ರು ಕಣೇ!"

ಆದರೂ ಪ್ರಯತ್ನಿಸಿದರು. ಬೇಕೆಂದೇ ತಪ್ಪಲು ಹೊರಟಾಗ ನೆಗಡಿಯಾದ ಬಾತುಕೋಳಿಯ ದನಿ ಬಂತು. ಬಿಟ್ಟರೆ ಮತ್ತೆ ಅಚ್ಚೊತ್ತಿದ ಹಾಗೆ ಅದೇ ಸ್ವರ. ಮಾವ ಕ್ಲಾರಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಹೊದಿಸಿದ, ಸದ್ದು ಹೀರುವ ಸ್ಪಂಜನ್ನೇ ನೋಡುತ್ತ ಕೂತರು.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಅತ್ತೆ ಬಂದರು. ರೆಕಾರ್ಡಿಂಗ್ ಕೋಣೆಯೊಳಗೇ ಒಂದು ಕುರ್ಚಿ ಹಾಕಿಸಿಕೊಂಡರು. ಮಾವ ಒಂದು ಸಲ ಊದಿ ಮುಗಿಸಿದ್ದೇ ತಡ, ಕೇಳಿದರು: "ರೀ, ಕರೆಂಟ್ ಬಿಲ್ ಕಟ್ಟಿದ್ರಾ? ನಿನ್ನೆನೇ ಕೊನೇ ದಿನ."

ಎರಡನೆಯ ಸಲ ಸ್ವರ ಗಾಬರಿಯಿಂದ ತುಸು ಮುಂದೋಡಿತು. ಸೊಸೆ ಗಾಜಿನಾಚೆ ಸೆಟೆದು ಕೂತಳು. ಸ್ಪೀಕರಿನಲ್ಲಿ ಅವಳ ದನಿ ಬಂತು: "ಅತ್ತೆ, ನಿಲ್ಲಿಸ್ಬೇಡಿ! ಒಂದೊಂದು ಸಲ ಮುಗಿದ ಮೇಲೂ ಒಂದೊಂದು ಮಾತು."

ಅತ್ತೆಗೆ ಇಂಥ ಅಪ್ಪಣೆ ಯಾರೂ ಕೊಟ್ಟಿರಲಿಲ್ಲ. "ನಮ್ಮಣ್ಣನ ಮನೆಗೆ ಹೋದಾಗ್ಲೆಲ್ಲ ಮುಖ ಊದಿಸ್ಕೋತೀರಲ್ಲ, ಯಾಕೆ?" ಮೂರನೆಯದು ಬಿರುಸಾಗಿ ಬಂತು. "ನೋಡಿದ್ಯೇನೇ, ಕೋಪ!" ನಾಲ್ಕನೆಯದರಲ್ಲಿ ನಗು ತಡೆದ ಉಸಿರಿತ್ತು.

ಆಮೇಲೆ ಅತ್ತೆ ಡಬ್ಬಿಯನ್ನು ಕೆಳಗಿಟ್ಟರು. "ಮೊದಲನೇ ಕ್ಲಾರಿನೆಟ್‌ನೋರು ರಜ ಹಾಕಿದ ದಿನ ನೀವೊಬ್ರೇ ನುಡಿಸಿದ್ರಲ್ಲ. ಆವತ್ತು ನಾನು ಹಿಂದಿನ ಸಾಲಲ್ಲಿದ್ದೆ. ಹೇಳಿರ್ಲಿಲ್ಲ ಅಷ್ಟೆ."

ಐದನೆಯದು ಮೆಲ್ಲಗೆ ಎದ್ದು, ಕೊನೆಗೆ ತುಸು ನಡುಗಿತು. ಆರನೆಯದನ್ನು ಮಾವ ಮಾತಿಗೆ ಕಾಯದೆ, ತಾವಾಗಿಯೇ ಕಣ್ಣು ಮುಚ್ಚಿ ಊದಿದರು.

ಯಜಮಾನರು ಬಂದು ಆರನ್ನೂ ಕೇಳಿ, "ಇದೇ, ಇದೇ ಬೇಕಾಗಿದ್ದು," ಎಂದು ಹೋದರು. ಮಾವ ಐದನೆಯದನ್ನು ಇನ್ನೊಮ್ಮೆ ಹಾಕಿಸಿಕೊಂಡರು.

"ಇದು ನಾನೇನಾ?"

"ನೀವೇ ಮಾವ."

"ಹೀಗಿರುತ್ತಾ," ಎಂದರು. ಇಷ್ಟು ವರ್ಷ ಇನ್ನೊಬ್ಬರ ದನಿಯ ಕೆಳಗೆ ಸೇರಿಹೋದದ್ದನ್ನು ಬಿಡಿಯಾಗಿ, ಕೇಳುಗನಾಗಿ ಕೂತು ಅವರು ಕೇಳಿಯೇ ಇರಲಿಲ್ಲ.

"ಇನ್ನೆಷ್ಟು ಸ್ವರ ಇದೆಯೇ?" ಅತ್ತೆ ಕೇಳಿದರು.

"ಮೂವತ್ತೆಂಟು, ಅತ್ತೆ."

ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹಾಗಾದ್ರೆ ಮದುವೆಯಾದ ವರ್ಷದಿಂದ್ಲೇ ಶುರು ಮಾಡ್ತೀನಿ."