ಶೆಡ್ಡಿನಲ್ಲಿ ನನ್ನ ಹೆಸರು ಹಿಡಿದು ಕರೆದವರು

ಬೆನ್ನ ಹಿಂದೆ ಯಾರೋ ಕರೆದರು, ತಿರುಗಿದರೆ ಯಾರೂ ಇರಲಿಲ್ಲ ಎಂದು ಹೇಳುವವರನ್ನು ನಾನು ಎಂದೂ ನಂಬಿದವಳಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರಕ್ಕೆ ನನ್ನ ಎರಡೂ ಕಿವಿ ಹೋಗಿವೆ. ಎದುರಿಗಿದ್ದವರ ದನಿಯೇ ನನಗೆ ಕೇಳದು, ಇನ್ನು ಇಲ್ಲದವರದು ಎಲ್ಲಿಂದ ಕೇಳಬೇಕು? ಕಿವಿ ಇದ್ದವರ ಬಡಿವಾರ ಎಂದು ನಕ್ಕುಬಿಡುತ್ತಿದ್ದೆ. ಆದರೂ ಇದನ್ನು ಬರೆಯುತ್ತಿದ್ದೇನೆ. ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ಆಗ ನಾನು ಶೇಡಬಾಳದಿಂದ ಬಸ್ಸಿನಲ್ಲಿ ಅಥಣಿ ರಸ್ತೆಯ ಒಂದು ಒಣದ್ರಾಕ್ಷಿ ಶೆಡ್ಡಿಗೆ ಹೋಗುತ್ತಿದ್ದೆ. ಅದೇ ನನ್ನ ಮೊದಲ ಕೆಲಸ. ಅಂಗವಿಕಲರ ಸರ್ಟಿಫಿಕೇಟ್ ನೋಡಿ ಮಾಲಕರು ಕೊಟ್ಟಿದ್ದರು. ಯಂತ್ರದ ಪಟ್ಟಿಯ ಮೇಲೆ ಹರಿದು ಬರುವ ದ್ರಾಕ್ಷಿಯಲ್ಲಿ ಕಡ್ಡಿ, ಕಪ್ಪಾದ ಕಾಳು ಆರಿಸಿ ತೆಗೆಯಬೇಕು. ಅಲ್ಲಿ ನನಗೆ ಹೆಸರಿರಲಿಲ್ಲ. ‘ಕಿವುಡಿ’ ಎಂದರೆ ಮುಗಿಯಿತು. ಆ ಮಾತನ್ನು ಎಲ್ಲರ ತುಟಿಯ ಮೇಲೂ ಓದಬಲ್ಲೆ. ನಮ್ಮ ಕೆಲಸದ ಉಸ್ತುವಾರಿ ನೋಡುವ ಮುಕಾದಮನ ಮೀಸೆ ಅರ್ಧ ಬಾಯಿ ಮುಚ್ಚಿದ್ದರೂ ಅವನದನ್ನೂ ಓದುತ್ತಿದ್ದೆ.

ಒಂದು ಮಧ್ಯಾಹ್ನ ಯಂತ್ರ ಜೋರಾಗಿ ನಡೆದಿತ್ತು. “ರಾಜಮತಿ!” ಎಂದು ಬೆನ್ನ ಹಿಂದಿನಿಂದ ಕೇಳಿಸಿತು. ಹೌದು, ಕೇಳಿಸಿತು. ಬೇರೆ ಪದ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ. ಗಂಡಸಿನದೋ ಹೆಂಗಸಿನದೋ ಹೇಳಲಾರೆ. ಅವಸರವಿಲ್ಲದ, ಮರ್ಯಾದೆಯ ದನಿ. “ಯಾಕ್ರೀ?” ಎನ್ನುತ್ತ ತಿರುಗಿದೆ. ಖಾಲಿ ಕ್ರೇಟುಗಳು, ಅದರಾಚೆ ಗೋಡೆ. ಯಾರೂ ಇರಲಿಲ್ಲ.

ನಾನು ತಿರುಗಿದ್ದನ್ನು ಮುಕಾದಮ ನೋಡಿಬಿಟ್ಟ. ಯಂತ್ರ ನಿಲ್ಲಿಸಿ ಎದುರಿಗೆ ಬಂದ.

“ಕೇಳತೈತಲ್ಲಬೇ ನಿನಗ! ಕಿವುಡಿ ಅಂತ ನಾಟಕ ಮಾಡಿ ಕೆಲಸಾ ಗಿಟ್ಟಿಸಿದಿ? ನಿನ್ನ ಸರ್ಟಿಫಿಕೇಟ್ ಖೊಟ್ಟಿ ಐತಿ. ನಾಳಿಂದ ಬರಬ್ಯಾಡ!”

“ಯಾರೂ ಕರದಿಲ್ರಿ. ಯಂತ್ರದ ಗದ್ದಲದಾಗ ನಮಗೂ ಏನೂ ಕೇಳೂದಿಲ್ಲ,” ಎಂದಳು ಪಕ್ಕದಲ್ಲಿ ಕೂತ ಗಂಗವ್ವಕ್ಕ. ಅದು ನಿಜ. ಯಂತ್ರ ನಡೆದಾಗ ಆ ಶೆಡ್ಡಿನಲ್ಲಿ ಎಲ್ಲರೂ ಕಿವುಡರೇ. ರೂಢಿ ಇದ್ದವಳು ಮಾತ್ರ ನಾನೊಬ್ಬಳು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮನೆಯಲ್ಲಿ ಎಲ್ಲರೂ ಬೇಡವೆಂದರೂ ಹಟ ಹಿಡಿದು ಸೇರಿದ ಕೆಲಸ ಅದು. ಗೋಡೆಗೆ ಮುಖ ಮಾಡಿ ನಿಂತು, “ಪರೀಕ್ಷಾ ಮಾಡ್ರಿ” ಎಂದೆ. ಅವನು ಏನು ಮಾಡಿದನೋ ನನಗೆ ತಿಳಿಯಲಿಲ್ಲ. ಗಂಗವ್ವಕ್ಕ ಹೆಗಲು ಮುಟ್ಟಿದಾಗ ತಿರುಗಿದೆ. ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ಮುಕಾದಮನ ಕೈಯಲ್ಲಿದ್ದ ತಗಡಿನ ಡಬ್ಬಿ ನಗ್ಗಿಹೋಗಿತ್ತು.

“ಬೇಕಾದ್ರ ಇನ್ನಷ್ಟ ಬಡೀರಿ. ನಾ ಕೆಲಸಾ ಬಿಟ್ಟ ಹೋಗೂದಿಲ್ಲ. ಮತ್ತ ನನಗೊಂದ ಹೆಸರೈತ್ರಿ, ರಾಜಮತಿ ಅಂತ. ಕರೀಬೇಕಂದ್ರ ಎದುರಿಗೆ ಬಂದ ಕರೀರಿ!”

ನನ್ನ ದನಿ ಎಷ್ಟು ದೊಡ್ಡದಿತ್ತೋ, ಅವನು ಒಂದು ಹೆಜ್ಜೆ ಹಿಂದೆ ಸರಿದ. ಮೀಸೆಯ ಮೇಲೆ ಕೈಯಾಡಿಸುತ್ತ ಹೋಗಿ ಯಂತ್ರ ಚಾಲು ಮಾಡಿದ. ಮರುದಿನ ನಾನು ಹೋದೆ. ಅವನು ಎದುರಿಗೆ ಬಂದು ನಿಂತು, ಬಾಯಿ ಅಗಲಿಸಿ ನನ್ನ ಹೆಸರು ಹೇಳಿದ.

ಆಮೇಲೆ ಹೋಗಿ ಕೇಳಿದಾಗ ಡಾಕ್ಟರು ಅದನ್ನು ನರಗಳ ಆಟ ಎಂದರು. ಹಾಗಾದರೆ ಅಷ್ಟು ವರ್ಷ ಸುಮ್ಮನಿದ್ದ ನರಗಳು ಅವತ್ತೇ ಯಾಕೆ ಆಡಿದವು? ಗಂಗವ್ವಕ್ಕ ಚಿಂಚಲಿ ಮಾಯಕ್ಕನೇ ಕರೆದಳು ಎನ್ನುತ್ತಾಳೆ. ದೇವಿಯೇ ಆದರೆ, ನನ್ನನ್ನು ಕರೆದು ಸಿಕ್ಕಿಸಿ ಎಲ್ಲಿ ಹೋದಳು? ಎರಡನ್ನೂ ನಾನು ಒಪ್ಪಿಲ್ಲ. ಆ ದನಿ ಮತ್ತೆ ಬರಲೂ ಇಲ್ಲ.

ಅದು ಯಾರೋ, ಇಂದಿಗೂ ಗೊತ್ತಿಲ್ಲ. ಆ ಶೆಡ್ಡಿನಲ್ಲಿ ನನ್ನನ್ನು ಮೊದಲು ಹೆಸರು ಹಿಡಿದು ಕರೆದವರು ಅವರು. ಉಳಿದವರಿಗೆ ನಾನೇ ಕಲಿಸಬೇಕಾಯಿತು.