ಕೆಸುವಿನ ಬುಡದ ಮಣ್ಣು

ಮದರಾಸಿನಲ್ಲಿ ಪ್ರಾಣಿಶಾಸ್ತ್ರದ ಪದವಿ ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದ ವರ್ಷ ಅತ್ತಿಗೆ ಬಸುರಿಯಾಗಿದ್ದಳು. ಮದುವೆಯಾಗಿ ಹಲವು ವರ್ಷಗಳ ಮೇಲೆ ನಿಂತ ಬಸಿರು. ಅದಕ್ಕೆ ಹಿಂದೆ ನಿಂತದ್ದು ಉಳಿದಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಐದು ತಿಂಗಳು ತುಂಬಿದ ಮೇಲೆ ಅಮ್ಮ ಅವಳಿಗೆ ಕೊಡಪಾನ ಎತ್ತಲೂ ಬಿಡುತ್ತಿರಲಿಲ್ಲ. ಅತ್ತಿಗೆಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಅಮ್ಮನ ಕಣ್ಣು ತಪ್ಪಿಸಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ನಮ್ಮ ಮನೆ ಇದ್ದದ್ದು ಕುಂಬಳೆ ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಕೆಂಪು ಮುರಕಲ್ಲಿನ ಗುಡ್ಡದ ಬುಡದಲ್ಲಿ. ಅಣ್ಣ ಪ್ರಾಥಮಿಕ ಶಾಲೆಯ ಮಾಸ್ತರ. ಮನೆಯ ಸುತ್ತ ಗಟ್ಟಿ ಕೆಂಪು ನೆಲ. ಬಚ್ಚಲ ನೀರು ಹರಿದು ಹೋಗುವ ಹಿತ್ತಲ ಮೂಲೆ ಮಾತ್ರ ವರ್ಷವಿಡೀ ತಂಪಾಗಿ, ಕಪ್ಪಾಗಿ, ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆದುವಾಗಿ ಇರುತ್ತಿತ್ತು. ಅಲ್ಲಿ ಕೆಸು ಮತ್ತು ನಾಲ್ಕಾರು ಬಾಳೆ. ಅಡುಗೆಮನೆಯ ಸಿಪ್ಪೆ, ಒಲೆಯ ಬೂದಿ, ಗೊನೆ ಕಡಿದ ಬಾಳೆಯ ದಿಂಡು ಎಲ್ಲ ಬೀಳುವುದೂ ಅಲ್ಲೇ.

ಆಟಿ ತಿಂಗಳಲ್ಲಿ, ಆಷಾಢದ ಮಳೆ ತುಸು ಬಿಟ್ಟ ಒಂದು ಬೆಳಿಗ್ಗೆ, ಬಚ್ಚಲ ನೀರು ಕಟ್ಟಿ ನಿಂತಿದೆಯೆಂದು ಅತ್ತಿಗೆ ಸಣ್ಣ ಹಾರೆ ಹಿಡಿದು ನೀರು ಹರಿಯುವ ಕಣಿ ಬಿಡಿಸಲು ಹೋದಳು. ಸ್ವಲ್ಪ ಹೊತ್ತಿಗೆ ಅವಳ ಕೂಗು ಕೇಳಿತು. ನಾನು ಓಡಿದೆ. ಅಮ್ಮನೂ, ಮಜ್ಜಿಗೆಗೆ ಬಂದಿದ್ದ ನೆರೆಮನೆಯ ಹೆಂಗಸೂ ಹಿಂದೆಯೇ ಬಂದರು.

ಕೆಸುವಿನ ಬುಡದಲ್ಲಿ ಒಂದು ಗೇಣುದ್ದದ ಪ್ರಾಣಿ ನಿಧಾನವಾಗಿ ಹೊರಳುತ್ತಿತ್ತು. ನಸುಗೆಂಪಿನಲ್ಲಿ ನೇರಳೆ ಬೆರೆತ ಬಣ್ಣ, ಒದ್ದೆ ಮೈ, ಮೈತುಂಬ ಉಂಗುರ ಉಂಗುರ. ಯಾವ ತುದಿ ತಲೆ, ಯಾವುದು ಬಾಲ ಎಂದು ಒಮ್ಮೆಗೆ ತಿಳಿಯುವಂತಿರಲಿಲ್ಲ. ಒಂದು ತುದಿಯ ಬಳಿ ಹಾರೆಯ ಅಂಚು ತಾಗಿ ಗೀರಿತ್ತು.

“ಎಂತ ಮಾಡಿದೆ ಮಾರಾಯ್ತಿ! ಬಸುರಿ ಹೆಂಗಸು ಹಾವಿಗೆ ಹೊಡೆಯುವುದಾ?” ಎಂದರು ಅಮ್ಮ.

“ನಾನು ಕಾಣಲಿಲ್ಲ ಅತ್ತೆ. ಮಣ್ಣಿನೊಳಗೆ ಇತ್ತು.”

ನೆರೆಮನೆಯವರು ಬಗ್ಗಿ ನೋಡಿದರು. ಅವರ ಮನೆಮಾತು ತುಳು. ನಮ್ಮೊಡನೆ ಕನ್ನಡ ಆಡುವಾಗ ಸ್ವಲ್ಪ ಗಟ್ಟಿಯಾಗಿಯೇ ಆಡುತ್ತಿದ್ದರು. “ಅಕ್ಕಾ, ಇಲ್ಲಿ ನೋಡಿ. ಇದಕ್ಕೆ ಕಣ್ಣೇ ಇಲ್ಲ!”

ಬಸುರಿ ಎದುರಿಗೆ ಬಂದರೆ ಹಾವಿನ ಕಣ್ಣು ಮಂಜಾಗುತ್ತದೆ, ಅದು ನಿಂತಲ್ಲೇ ನಿಲ್ಲುತ್ತದೆ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಹೆರಿಗೆಯಾದ ಮೇಲೆ ಅದಕ್ಕೆ ದೃಷ್ಟಿ ಮರಳುತ್ತದಂತೆ. ಆದರೆ ಇಲ್ಲಿ ಕಣ್ಣು ಮಂಜಾಗಿರಲಿಲ್ಲ. ಕಣ್ಣಿರಬೇಕಾದ ಜಾಗದಲ್ಲಿ ಬರಿಯ ಚರ್ಮವಿತ್ತು.

“ಪೂರ್ತಿ ಹೋಗಿಯೇ ಬಿಟ್ಟಿದೆ,” ಎಂದರು ನೆರೆಮನೆಯವರು. “ಅದರ ಮೇಲೆ ಪೆಟ್ಟು ಬೇರೆ.”

ಅತ್ತಿಗೆ ಹಾರೆಯನ್ನು ಮೆಲ್ಲನೆ ಕೆಳಗಿಟ್ಟಳು. ಅವಳ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು.

ನಾನು ಆ ಪ್ರಾಣಿಯನ್ನು ಹಿಂದೆ ನೋಡಿದ್ದೆ, ಕಾಲೇಜಿನ ಕಪಾಟಿನಲ್ಲಿ, ಗಾಜಿನ ಜಾಡಿಯಲ್ಲಿ, ಕೆಡದಂತೆ ಕಾಪಿಡುವ ಔಷಧದೊಳಗೆ, ಬಣ್ಣವೆಲ್ಲ ಬಿಟ್ಟು ಹಗ್ಗದ ತುಂಡಿನಂತೆ ಇದ್ದದ್ದನ್ನು. ಜೀವಂತ ನೋಡಿದ್ದು ಅದೇ ಮೊದಲು. “ಅದು ಹಾವಲ್ಲ. ಕಾಲಿಲ್ಲದ ಕಪ್ಪೆಯ ಜಾತಿ. ಮಣ್ಣಿನೊಳಗೇ ಇರುವುದರಿಂದ ಹುಟ್ಟುವಾಗಲೇ ಕಣ್ಣು ಚರ್ಮದ ಒಳಗಿರುತ್ತದೆ,” ಎಂದೆ.

“ಕಾಲಿಲ್ಲದ ಕಪ್ಪೆಯಾ?” ನೆರೆಮನೆಯವರು ನನ್ನನ್ನೇ ನೋಡಿದರು. “ಮದರಾಸಿನ ಕಪ್ಪೆಗೆ ಹಾಗಿರಬಹುದು ತಂಗಿ. ನಮ್ಮ ಊರಿನ ಕಪ್ಪೆಗೆ ನಾಲ್ಕು ಕಾಲುಂಟು.”

ಅಮ್ಮ ನಗಲಿಲ್ಲ. ಅಣ್ಣ ಬರುವವರೆಗೆ ಅದು ಅಲ್ಲೇ ಇರಲೆಂದು ಒಂದು ಹಳೆಯ ಮಡಕೆಯನ್ನು ಅದರ ಮೇಲೆ ಬೋರಲಾಗಿ ಕವುಚಿದರು. ಮೇಲೊಂದು ಕಲ್ಲು ಇಟ್ಟು ಕೈಮುಗಿದರು.

ಆ ದಿನ ಅತ್ತಿಗೆ ಗಂಜಿಯ ಬಟ್ಟಲು ಮುಟ್ಟಲಿಲ್ಲ. ಮಧ್ಯಾಹ್ನ ನಾನು ಹತ್ತಿರ ಕೂತಾಗ ಗೋಡೆ ನೋಡುತ್ತ ಹೇಳಿದಳು: “ಕಣ್ಣಿಲ್ಲದ್ದಕ್ಕೆ ಹೊಡೆದೆ ನಾನು. ಅದು ಆ ಕಣ್ಣನ್ನು ನನ್ನ ಮಗುವಿನಿಂದಲೇ ತೆಗೆದುಕೊಳ್ತದೆ.” ನಾನು ಮತ್ತೆ ಕಪ್ಪೆಯ ವಿಷಯ ಎತ್ತಿದೆ. “ನಿನಗೆ ಪುಸ್ತಕದಲ್ಲಿ ಗೊತ್ತುಂಟು,” ಎಂದಳು. ಸಿಟ್ಟಿರಲಿಲ್ಲ, ದಣಿದಿದ್ದಳು, ಅಷ್ಟೇ.

ಅಣ್ಣ ಸಂಜೆ ಶಾಲೆಯಿಂದ ಬಂದು ಎಲ್ಲ ಕೇಳಿದ. ಅವನಿಗೂ ಇದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ಆದರೆ ಹೆಂಡತಿಯ ಮುಖ ನೋಡಿದ ಮೇಲೆ ಅವನ ಮಾತಿನ ಗಟ್ಟಿತನ ಹೋಯಿತು. ರಜೆಯ ದಿನ ನೆಕ್ರಾಜೆಯ ಕಡೆಯ ಜೋಯಿಸರಲ್ಲಿ ಕೇಳಿ ಬರುವುದೆಂದು ನಿಶ್ಚಯವಾಯಿತು. ಬೆಳಗಾದ ಮೇಲೆ ಅಮ್ಮ ಹಾಲಿನ ಬಟ್ಟಲು ಹಿಡಿದು ಹಿತ್ತಲಿಗೆ ಹೋಗಿ ಮಡಕೆ ಎತ್ತಿದರು. ಕೆಳಗೆ ಏನೂ ಇರಲಿಲ್ಲ. ಕಲ್ಲು ಇಟ್ಟಲ್ಲೇ ಇತ್ತು, ಮಡಕೆಗೆ ಬಿರುಕಿರಲಿಲ್ಲ.

“ಮಾಯ,” ಎಂದರು ಅಮ್ಮ, ತೀರ ಮೆಲ್ಲನೆ.

ಬೋರಲು ಮಡಕೆಯ ಕೆಳಗೆ, ಮಣ್ಣಿನಲ್ಲೇ ಬದುಕುವ ಪ್ರಾಣಿಯನ್ನು ಮಣ್ಣಿನ ಮೇಲೇ ಕೂಡಿಹಾಕಿದ್ದರು. ಅದು ಕೆಳಗೆ ಇಳಿದು ಹೋಗಿತ್ತು. ನನಗೆ ನಗು ಬಂತು. ಆದರೆ ಬಾಗಿಲ ಬಳಿ ಅತ್ತಿಗೆ ನಿಂತಿದ್ದಳು, ಅಮ್ಮನ ಮಾತು ಅವಳಿಗೆ ಕೇಳಿಸಿತ್ತು. ಅವಳು ಒಳಗೆ ಹೋಗಿ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಇನ್ನು ಹೇಳಿ ಪ್ರಯೋಜನವಿಲ್ಲ, ತೋರಿಸಬೇಕು ಎನ್ನಿಸಿತು. ಸೆರಗು ಸಿಕ್ಕಿಸಿ ಕೆಸುವಿನ ಬುಡದಲ್ಲಿ ಕೂತೆ. ಹಾರೆ ಮುಟ್ಟಲಿಲ್ಲ, ಒಂದು ತೆಂಗಿನ ಗೆರಟೆಯಲ್ಲಿ ಮಣ್ಣನ್ನು ತುಸುತುಸುವೇ ತೆಗೆದು ಬಾಳೆಯೆಲೆಯ ಮೇಲೆ ಹಾಕತೊಡಗಿದೆ.

ನಾನು ಆಟವಾಡಿ ಬೆಳೆದ ಹಿತ್ತಲು ಅದು. ಆದರೂ ಅದರೊಳಗೆ ಅಷ್ಟು ಜನವಸತಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ಪರೀಕ್ಷೆಗೆಂದು ಕೊಯ್ದು ನೋಡಿದ್ದ ದಪ್ಪ ಎರೆಹುಳು ಇತ್ತು. ಅದರ ಜೊತೆಗೆ ದಾರದಷ್ಟು ತೆಳ್ಳಗಿನ ಬಿಳಿಯದು, ಮುಟ್ಟಿದರೆ ಹಾರಿ ಬೀಳುವ ಹಸಿರು ಛಾಯೆಯದು. ಕೊಳೆತ ದಿಂಡಿನ ಅಡಿಯಲ್ಲಿ ಸುರುಳಿ ಸುತ್ತಿ ಗುಂಡಿಯಂತೆ ಬಿದ್ದ ಸಹಸ್ರಪದಿಗಳು. ಗೋಲಿಯಾಗಿ ಉರುಳಿದ ಇನ್ನೊಂದು ಜಾತಿ. ಮುಂಗಾಲು ಸಲಿಕೆಯಂತಿದ್ದ ಒಂದು ಜೀರುಂಡೆಯ ಮರಿ. ಅದು ಮೇಲೆ ಬಂದು ಹಾಡುವುದಕ್ಕೆ ಇನ್ನೆಷ್ಟು ಕಾಲವಿತ್ತೋ. ಸಾಸಿವೆಯಷ್ಟೂ ಇಲ್ಲದ, ಇಕ್ಕಳವಿದ್ದು ಕೊಂಡಿಯಿಲ್ಲದ ಚೇಳಿನಂಥದ್ದು. ಎಲೆಯ ಮೇಲೆ ಹರವಿದ ಹಿಡಿಮಣ್ಣು ಎಲ್ಲ ಕಡೆಯೂ ಒಟ್ಟಿಗೆ ಮಿಸುಕುತ್ತಿತ್ತು. ಕೆಲವಕ್ಕೆ ಪುಸ್ತಕದ ಹೆಸರು ಗೊತ್ತಿತ್ತು, ಮನೆಯ ಹೆಸರು ಗೊತ್ತಿರಲಿಲ್ಲ. ಹೆಚ್ಚಿನವಕ್ಕೆ ಎರಡೂ ಗೊತ್ತಿರಲಿಲ್ಲ. ನಮ್ಮ ಸಿಪ್ಪೆಯನ್ನೂ ಬೂದಿಯನ್ನೂ ತಿಂದು ಆ ಒಂದು ಮೂಲೆಯನ್ನು ಕಪ್ಪು ಮಾಡಿದ್ದು ಇವೇ. ಮುರಕಲ್ಲಿನ ಗುಡ್ಡದಲ್ಲಿ ಅಂಥ ಮಣ್ಣು ತಾನಾಗಿ ಆಗುವುದಿಲ್ಲ.

ಬಂದ ಕೆಲಸ ಮರೆತಿದ್ದೆ. ದಿಂಡಿನ ಪಕ್ಕದ ಒಂದು ಹೆಂಟೆ ಎತ್ತಿದಾಗ ಅದು ನಡುವೆ ಬಿಚ್ಚಿಕೊಂಡಿತು. ಒಳಗೆ, ಮುಷ್ಟಿಯಷ್ಟು ಪೊಳ್ಳಿನಲ್ಲಿ, ಅದೇ ಜಾತಿಯ ಇನ್ನೊಂದು. ಮೈಮೇಲೆ ಗೀರಿರಲಿಲ್ಲ. ಅದು ತನ್ನ ಮೈಯನ್ನು ಒಂದು ಗೊಂಚಲು ಮೊಟ್ಟೆಗಳ ಸುತ್ತ ಸುತ್ತಿಕೊಂಡಿತ್ತು. ನಸುಬಿಳಿಯ ತಿಳಿ ಮೊಟ್ಟೆಗಳು, ಒಂದಕ್ಕೊಂದು ಅಂಟಿದ್ದವು. ಬೆಳಕು ಬಿದ್ದರೂ ಅದು ಓಡಲಿಲ್ಲ. ಸುತ್ತನ್ನು ಇನ್ನಷ್ಟು ಬಿಗಿ ಮಾಡಿತು.

ಗಟ್ಟಿಯಾಗಿ ಕರೆಯುವುದು ನನ್ನ ಸ್ವಭಾವವಲ್ಲ. ಆವತ್ತು ಕರೆದೆ.

ಅತ್ತಿಗೆ ಬಂದು ನನ್ನ ಬೆನ್ನ ಹಿಂದೆ ನಿಂತಳು. ಅಮ್ಮ ಬಂದರು. ಬೇಲಿಯಾಚೆಯಿಂದ ನೆರೆಮನೆಯವರೂ ಬಂದರು.

“ಇದಕ್ಕೂ ಕಣ್ಣಿಲ್ಲ. ನೋಡಿ. ಇದನ್ನು ತೆಗೆದವಳು ನಾನು. ಆಗ ಅತ್ತಿಗೆ ಒಳಗೆ ಮಲಗಿದ್ದಳು,” ಎಂದೆ.

ನೆರೆಮನೆಯವರು ಬಗ್ಗಿ ಸರಿಯಾಗಿ ನೋಡಿದರು. ಆಮೇಲೆ ನೆಟ್ಟಗಾಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನೋಟ ನಡುವಿಗೆ ಬಂದು ನಿಂತಿತು. “ಹಾಗಾದರೆ ಇದು ಯಾರನ್ನು ಕಂಡು ಕುರುಡಾದದ್ದು? ಅಕ್ಕಾ, ಜೋಯಿಸರು ಆಮೇಲೆ. ಮೊದಲು ನಿಮ್ಮ ಮಗಳನ್ನು ವಿಚಾರಿಸಿ!”

“ಥೂ, ಬಾಯಿ ಮುಚ್ಚು ಮಾರಾಯ್ತಿ! ಮದುವೆಯಾಗದ ಹುಡುಗಿ!” ಎಂದರು ಅಮ್ಮ.

ಮೊದಲು ನಕ್ಕದ್ದು ಅತ್ತಿಗೆ. ಬಾಯಿಗೆ ಸೆರಗು ಒತ್ತಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ನಕ್ಕದ್ದು ಕಂಡು ಅಮ್ಮನೂ ತಡೆಯಲಾರದೆ ನಕ್ಕರು. ನನ್ನ ಪಾಠದಿಂದ ಆಗದ್ದನ್ನು ಆ ಒಂದು ತಮಾಷೆ ಮಾಡಿತು. ನನಗೆ ನಾಚಿಕೆಗಿಂತ ಹೆಚ್ಚಾಗಿ ಎದೆ ಹಗುರಾಯಿತು.

ನಗು ಇಳಿದ ಮೇಲೆ ಅತ್ತಿಗೆ ನನ್ನ ಪಕ್ಕದಲ್ಲಿ ಕುಕ್ಕರು ಕೂತಳು. “ಇದು ಹುಟ್ಟುವಾಗಲೇ ಹೀಗೆಯಾ?”

“ಹುಟ್ಟುವಾಗಲೇ.”

“ಮತ್ತೆ ತನ್ನ ಮೊಟ್ಟೆ ಎಲ್ಲುಂಟು ಅಂತ ಹೇಗೆ ಗೊತ್ತಾಗ್ತದೆ?”

“ಮುಟ್ಟಿ.”

ಅವಳು ಮೊಟ್ಟೆಗಳ ಕಡೆ ಇನ್ನಷ್ಟು ಬಗ್ಗಿದಳು. “ನಾನು ಹೊಡೆದದ್ದು ಸತ್ತಿರಬಹುದಾ?”

ಗೊತ್ತಿಲ್ಲದ್ದನ್ನು ಹೇಳುವ ಮನಸ್ಸಿರಲಿಲ್ಲ. “ಸಾಯುವಂಥ ಪೆಟ್ಟಾಗಿದ್ದರೆ ಮಡಕೆಯ ಕೆಳಗೇ ಬಿದ್ದಿರುತ್ತಿತ್ತು. ಇಳಿದು ಹೋಗುವಷ್ಟು ಶಕ್ತಿ ಇತ್ತಲ್ಲ,” ಎಂದೆ. ಅಷ್ಟು ಸಾಕಾಯಿತು ಅವಳಿಗೆ. ಬೆಳಿಗ್ಗೆ ಎಲ್ಲರನ್ನೂ ಹೆದರಿಸಿದ ಆ ಮಾಯವೇ ಈಗ ಒಳ್ಳೆಯ ಸುದ್ದಿಯಾಯಿತು. ಹಾವಿಗೆಂದು ಅಮ್ಮ ತಂದಿದ್ದ ಹಾಲಿನ ಬಟ್ಟಲು ಇನ್ನೂ ಹಾಗೇ ಇತ್ತು. ಅತ್ತಿಗೆ ಅದನ್ನು ತೆಗೆದುಕೊಂಡು ಕುಡಿದುಬಿಟ್ಟಳು. ಅಮ್ಮ ಖಾಲಿ ಬಟ್ಟಲನ್ನು ತೆಗೆದುಕೊಂಡರು.

ನಾನು ಹೆಂಟೆಯನ್ನು ಮೊದಲಿನಂತೆ ಮುಚ್ಚಿ, ಬಾಳೆಯೆಲೆಯ ಮೇಲಿದ್ದವರನ್ನೆಲ್ಲ ಮರಳಿ ಅವರವರ ಮಣ್ಣಿಗೆ ಬಿಟ್ಟೆ. ಕಾಲೇಜಿಗೆ ಒಂದನ್ನು ಕಳಿಸಿದ್ದರೆ ಅಧ್ಯಾಪಕರು ಸಂತೋಷಪಡುತ್ತಿದ್ದರು. ಅದಕ್ಕೆಂದೇ ಒಂದು ಬಾಟಲಿ ಔಷಧವನ್ನೂ ತಂದಿದ್ದೆ. ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲ.

ಅಣ್ಣ ನೆಕ್ರಾಜೆಗೆ ಹೋಗಲಿಲ್ಲ. ಹಾಗೆಂದು ಅಮ್ಮ ತನ್ನ ನಂಬಿಕೆ ಬಿಟ್ಟರೆಂದಲ್ಲ. ಹಾವಾದರೆ ಕಣ್ಣು ಮಂಜಾಗುವುದು ನಿಜವೇ, ಇದು ಹಾವಲ್ಲವಾದ್ದರಿಂದ ಆ ಲೆಕ್ಕ ಇದಕ್ಕಿಲ್ಲ ಎಂದು ಅವರು ನೆರೆಮನೆಯವರಿಗೆ ವಿವರಿಸುವುದು ಕೇಳಿಸಿತು.

ಹೆರಿಗೆ ಅತ್ತಿಗೆಯ ತವರಿನಲ್ಲಿ ಆಯಿತು, ಚಳಿ ಶುರುವಾಗುವ ಹೊತ್ತಿಗೆ. ನೋಡಲು ಹೋಗಿದ್ದ ಅಣ್ಣ ಅಂಗಳಕ್ಕೆ ಕಾಲಿಡುವ ಮೊದಲೇ ಅಮ್ಮ ಕೇಳಿದರು: “ಕಣ್ಣು?” ಅಷ್ಟು ತಿಂಗಳೂ ಅವರು ಅದನ್ನು ಒಳಗೇ ಇಟ್ಟುಕೊಂಡಿದ್ದರು.

“ಎರಡೂ ಉಂಟು ಅಮ್ಮ. ದೊಡ್ಡ ಕಣ್ಣು. ನನ್ನನ್ನು ಕಂಡ ಕೂಡಲೇ ಮುಖ ಕಿವುಚಿದ.”

ಅಮ್ಮ ಜಗಲಿಯ ಮೇಲೆ ಕೂತುಬಿಟ್ಟರು. ನಾನು ಒಳಗೆ ಹೋಗಿ ಯಾರಿಗೂ ಕಾಣದಂತೆ ಮುಖ ಒರೆಸಿಕೊಂಡೆ. ನಾನು ಹೆದರಿರಲಿಲ್ಲವೆಂದು ಅದುವರೆಗೆ ನಂಬಿದ್ದೆ.

ಮರುವರ್ಷದ ಆಟಿಯಲ್ಲಿ ಬಚ್ಚಲ ನೀರು ಮತ್ತೆ ಕಟ್ಟಿತು. ಅಣ್ಣ ಹಾರೆ ತಂದ. “ಅಲ್ಲಿ ಹಾರೆ ಹಾಕಬೇಡಿ, ಅದರೊಳಗೆ ಇರುವವರುಂಟು,” ಎಂದು ಅತ್ತಿಗೆ ಮಗುವನ್ನು ನನ್ನ ಸೊಂಟಕ್ಕೆ ದಾಟಿಸಿದಳು. ಗೆರಟೆ ಹಿಡಿದು ತಾನೇ ಕೂತು ಮಣ್ಣನ್ನು ತುಸುತುಸುವೇ ಬದಿಗೆ ಸರಿಸತೊಡಗಿದಳು. ಮಗು ಅವಳ ಕೈಯನ್ನೇ ನೋಡುತ್ತಿತ್ತು.