ಏಳು ಸುತ್ತಿನ ಗೆಳತಿಯರು

ಕಾಲೇಜು ಶುರುವಾದ ಮೊದಲ ವಾರ ನಮ್ಮ ಕಾರಿಡಾರಿನಲ್ಲಿ ಓಡಾಡುವುದೆಂದರೆ ಮೂಗಿಗೆ ಶಿಕ್ಷೆ. ಮೊನ್ನೆ ಐದು ಜನ ಹುಡುಗಿಯರು ತೋಳಿಗೆ ತೋಳು ಸಿಕ್ಕಿಸಿಕೊಂಡು ಎದುರಿಗೆ ಬಂದರು. ಐವರದೂ ಒಂದೇ ಬಣ್ಣದ ದುಪಟ್ಟಾ, ಐವರಿಂದಲೂ ಒಂದೇ ಸ್ಪ್ರೇಯ ವಾಸನೆ. ಹೊಳಲ್ಕೆರೆಯ ಈ ಕಾಲೇಜಿನಲ್ಲಿ ಹದಿನೈದು ವರ್ಷ ಪಾಠ ಹೇಳಿದ ನಾನು ಗೋಡೆಗೆ ಒತ್ತಿ ನಿಂತು, ಹೋದ ವಾರ ಸೇರಿದ ಹುಡುಗಿಯರಿಗೆ ದಾರಿ ಬಿಟ್ಟೆ. ನೀವು ನೋಡಿದ್ದರೆ ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ. ಮಲ್ಲಿಗೆಗೆ ಸೀಮೆಎಣ್ಣೆ ಬೆರೆಸಿದಂಥ ಆ ವಾಸನೆಯನ್ನು ಮೂರು ವರ್ಷ ನಾನೂ ಮೈಗೆ ಹೊಡೆದುಕೊಂಡು ಓಡಾಡಿದವಳು.

ನಾನು ಓದಿದ್ದು ಚಿತ್ರದುರ್ಗದಲ್ಲಿ. ನಮ್ಮ ಹಾಸ್ಟೆಲಿನಲ್ಲಿ ‘ಏಳು ಸುತ್ತು’ ಎಂಬ ಗುಂಪೊಂದಿತ್ತು. ಕಣ್ಣೆದುರಿಗೇ ಏಳು ಸುತ್ತಿನ ಅಷ್ಟು ದೊಡ್ಡ ಕೋಟೆ ಇರುವಾಗ ಹೆಸರಿಗೆಂದು ತಲೆ ಖರ್ಚು ಮಾಡುವುದೇಕೆ ಅನ್ನಿಸಿರಬೇಕು. ಏಳೇ ಜನ. ಒಬ್ಬಳು ಓದು ಮುಗಿಸಿಯೋ ಮದುವೆಯಾಗಿಯೋ ಹೋದರೆ ಮಾತ್ರ ಇನ್ನೊಬ್ಬಳಿಗೆ ಜಾಗ. ಇವರು ಮಾಡುತ್ತಿದ್ದ ಘನಕಾರ್ಯ ಏನು ಎಂದು ಕೇಳುತ್ತೀರಾ? ಶುಕ್ರವಾರ ಒಂದೇ ಬಣ್ಣದ ಚೂಡಿದಾರ ಹಾಕುವುದು. ಊಟದ ಹಾಲ್‌ನಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುವುದು. ಬೇರೆ ಯಾರಾದರೂ ಅಲ್ಲಿ ಕೂತಿದ್ದರೆ ಏನೂ ಅನ್ನದೆ ಅವರನ್ನೇ ನೋಡುತ್ತ ನಿಲ್ಲುವುದು. ಫೋಟೋ ತೆಗೆಸುವಾಗ ಏಳು ಜನವೂ ಎಡಗಾಲು ಮುಂದಿಡುವುದು. ಮುಗಿಯಿತು. ಒಬ್ಬಳೂ ಓದಿನಲ್ಲಿ ಮುಂದಿರಲಿಲ್ಲ, ಒಬ್ಬಳಿಗೂ ಒಂದು ಹಾಡು ನೆಟ್ಟಗೆ ಬರುತ್ತಿರಲಿಲ್ಲ. ಆದರೂ ಬಿಸಿನೀರಿಗೆ ಬಕೆಟ್ ಹಿಡಿದು ನಿಂತ ಸಾಲಿಗೆ ಅವರು ಬಂದರೆ ನಾವು ಹಿಂದೆ ಸರಿಯುತ್ತಿದ್ದೆವು. ಸರಿಯಿರಿ ಎಂದು ಯಾರೂ ಹೇಳಿರಲಿಲ್ಲ.

ಅವರ ಮುಖಂಡೆ ಹಿರಿಯೂರಿನ ಶೈಲಜಾ, ಕೊನೆಯ ವರ್ಷದವಳು. ಅಪ್ಪನದು ಬಟ್ಟೆ ಅಂಗಡಿ, ಆದ್ದರಿಂದ ಬಣ್ಣದ ವಿಷಯದಲ್ಲಿ ಅವಳ ಮಾತೇ ಕೊನೆ. ಅವಳು ನಡೆಯುವಾಗ ಚಪ್ಪಲಿ ಸದ್ದಾಗುವುದನ್ನು ಕೇಳಿಯೇ ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ: ಪಾಸಾಗುವುದಕ್ಕಿಂತ ಆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುವುದೇ ನನಗೆ ಬೇಕಾಗಿತ್ತು.

ನನ್ನ ಜೊತೆಗಾರ್ತಿ ಕೆಂಚಮ್ಮನಿಗೆ ಈ ಹುಚ್ಚಿರಲಿಲ್ಲ. ನಾವಿಬ್ಬರೂ ಮತ್ತೋಡಿನವರು, ಎರಡು ಮನೆಯವರೂ ಕುರಿ ಸಾಕಿಕೊಂಡು ಒಂದಿಷ್ಟು ಹೊಲ ಮಾಡಿಕೊಂಡಿದ್ದವರು. ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಹಾಸ್ಟೆಲಿನಲ್ಲಿ ಅಕ್ಕಪಕ್ಕದ ಮಂಚ. ಒಂದು ಶುಕ್ರವಾರ ಏಳೂ ಜನ ಗಿಳಿಹಸಿರು ತೊಟ್ಟು ಮೆಟ್ಟಿಲಿಳಿಯುವುದನ್ನು ನಾನು ಬಾಯಿ ಬಿಟ್ಟು ನೋಡುತ್ತಿದ್ದಾಗ ಅವಳು ತಲೆ ಬಾಚಿಕೊಳ್ಳುತ್ತಲೇ ಹೇಳಿದ್ದಳು, “ಕುರಿ ತಪ್ಪಿಸ್ಕಬಾರ್ದು ಅಂತ ನಮ್ಮಪ್ಪ ಬೆನ್ನಿಗೆ ಬಣ್ಣ ಹಚ್ತಾನೆ. ಇವ್ರಿಗೆ ಹಚ್ಚಿದೋರು ಯಾರೇ?” ನಾನು ನಗಲಿಲ್ಲ. ಅವರಿಗೆ ಕೇಳಿಸಿಬಿಟ್ಟೀತೆಂದು ಬಾಗಿಲು ಹಾಕಿದೆ.

ಕೆಂಚಮ್ಮನದು ಒಂದು ಗುಟ್ಟಿತ್ತು. ಅವಳನ್ನು ಸೋದರಮಾವ ರಂಗಪ್ಪನಿಗೆ ಕೊಡುವುದೆಂದು ಅವಳು ಹುಟ್ಟಿದಾಗಲೇ ಮಾತಾಗಿತ್ತು. ಪಿಯುಸಿ ಮುಗಿದ ಬೇಸಿಗೆಯಲ್ಲಿ ಅವಳು ಸೀದಾ ಮಾವನ ಕುರಿ ಹಟ್ಟಿಗೇ ಹೋಗಿ, ನನಗೆ ಮದುವೆ ಬೇಡ, ಓದಬೇಕು ಎಂದಳಂತೆ. ಆತ, ಹಾಗಿದ್ದರೆ ನಾನೇ ಒಲ್ಲೆ ಎಂದು ಹೇಳುತ್ತೇನೆ ಬಿಡು ಎಂದನಂತೆ. ಹೇಳಿದ ಹಾಗೇ ಮಾಡಿದ. ಅಕ್ಕನಿಂದ ಬೈಸಿಕೊಂಡ, ಮಾತು ತಪ್ಪಿದವನೆಂದು ಊರಿನ ಕಣ್ಣಲ್ಲಿ ಸಣ್ಣವನಾದ. ಒಲ್ಲೆ ಎಂದವಳು ಹುಡುಗಿ ಎಂದು ಗೊತ್ತಾಗಿದ್ದರೆ ಅವಳಪ್ಪ ಕಾಲೇಜಿರಲಿ, ಹೊಸಿಲಾಚೆಗೂ ಅವಳನ್ನು ಬಿಡುತ್ತಿರಲಿಲ್ಲ. ಈ ಸಂಗತಿ ಗೊತ್ತಿದ್ದದ್ದು ಮೂವರಿಗೆ: ಅವಳಿಗೆ, ಮಾವನಿಗೆ, ನನಗೆ.

ದಸರಾ ರಜೆಯಲ್ಲಿ ಏಳರಲ್ಲಿ ಒಬ್ಬಳಿಗೆ ಮದುವೆಯಾಯಿತು. ಖಾಲಿ ಬಿದ್ದ ಜಾಗಕ್ಕೆ ಶೈಲಜಾ ನನ್ನನ್ನು ಕರೆದಳು. ನನ್ನ ಅಕ್ಷರ ದುಂಡಗಿತ್ತು, ಅವರಿಗೆ ಬರೆಯಬೇಕಾದ ಅಸೈನ್‌ಮೆಂಟುಗಳು ರಾಶಿ ಬಿದ್ದಿದ್ದವು ಎಂಬುದು ಆಮೇಲೆ ತಿಳಿಯಿತು. ಆಗ ಮಾತ್ರ ನನ್ನಲ್ಲೇ ಏನೋ ವಿಶೇಷ ಕಂಡಿರಬೇಕು ಎಂದು ಉಬ್ಬಿಹೋದೆ. ಭಾನುವಾರ ಬೆಳಿಗ್ಗೆ ಕೋಟೆ ಹತ್ತಿದೆವು. ಮೇಲಿನ ಗುಡಿಯ ಹಿಂದಿನ ಬಂಡೆಯ ಮೇಲೆ ಅವರು ಆರು ಜನ ಸುತ್ತ ಕೂತು ನನ್ನನ್ನು ನಡುವೆ ನಿಲ್ಲಿಸಿದರು. ಸೇರುವವಳು ಒಂದು ಗುಟ್ಟು ಹೇಳಬೇಕಿತ್ತು. ನಾನು ನನ್ನದೇ ಏನನ್ನೋ ಹೇಳಹೊರಟೆ. ಶೈಲಜಾ ಕೈ ಅಡ್ಡ ಮಾಡಿದಳು.

“ನಿಂದು ಬ್ಯಾಡ. ನಿಂದಾದ್ರೆ ಯಾರು ಬೇಕಾದ್ರೂ ಹೇಳ್ತಾರೆ. ನಿಂಗೆ ಭಾಳ ಬೇಕಾದೋರ್ದು ಹೇಳು. ಆವಾಗ ನೀನು ನಮ್ಮೋಳು.”

ಒಂದು ಸುಳ್ಳು ಹೇಳಬಹುದಿತ್ತು. ಏನನ್ನಾದರೂ ಕಟ್ಟಿ ಹೇಳಿದ್ದರೂ ಅವರು ನಂಬುತ್ತಿದ್ದರು. ಅಷ್ಟು ಬುದ್ಧಿಯೂ ಓಡಲಿಲ್ಲ. ಕೆಂಚಮ್ಮನದನ್ನು ಹೇಳಿದೆ. ಬರೀ ಹೇಳಿದರೂ ಸಾಕಿತ್ತು, ನಾನು ರಂಗಪ್ಪನ ದನಿಯನ್ನೂ ಅಣಕಿಸಿ ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕರು, ನನ್ನ ಕುತ್ತಿಗೆಗೆ ತಾವೆಲ್ಲ ಹಾಕುವ ಸ್ಪ್ರೇ ಹೊಡೆದರು, ಕೆನ್ನೆ ಹಿಂಡಿದರು. ಕೋಟೆ ಇಳಿಯುವಾಗ ನನಗಿಂತ ಸುಖಿ ದುರ್ಗದಲ್ಲಿ ಇನ್ನೊಬ್ಬಳಿರಲಿಲ್ಲ. ನೀವು ಇಷ್ಟು ಹೊತ್ತಿಗೆ ನನ್ನ ಮೇಲೆ ಸಿಟ್ಟಾಗಿದ್ದರೆ ಅದು ನ್ಯಾಯವೇ.

ಆರು ಜನರಲ್ಲಿ ಹೊಸದುರ್ಗದವಳೊಬ್ಬಳಿದ್ದಳು. ಅವಳ ಚಿಕ್ಕಮ್ಮನನ್ನು ಕೊಟ್ಟದ್ದು ರಂಗಪ್ಪನ ದಾಯಾದಿಗಳ ಮನೆಗೆ. ನಮ್ಮ ಸೀಮೆಯಲ್ಲಿ ಯಾರನ್ನು ಕೆದಕಿದರೂ ಎರಡು ಮದುವೆಯಾಚೆ ನೆಂಟರೇ ಆಗಿರುತ್ತಾರೆ. ಹುಟ್ಟಿದಾಗಿನಿಂದ ಇದನ್ನೇ ನೋಡಿ ಬೆಳೆದ ನಾನು ಆ ಬಂಡೆಯ ಮೇಲೆ ಇದನ್ನೇ ಮರೆತಿದ್ದೆ. ಮೂರು ವಾರ ಕಳೆಯಿತು. ಕೆಂಚಮ್ಮನ ಅಪ್ಪ, ಅಣ್ಣ ಹಾಸ್ಟೆಲಿನ ಗೇಟಿಗೆ ಬಂದು ನಿಂತರು.

ಅವಳು ಅಳಲಿಲ್ಲ. ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಟ್ರಂಕಿಗೆ ಹಾಕಿದಳು. ಬಸ್ ಸ್ಟ್ಯಾಂಡಿಗೆ ಬರುತ್ತೀಯಾ ಎಂದಷ್ಟೇ ಕೇಳಿದಳು, ಬರುತ್ತೇನೆ ಎಂದೆ. ಅವತ್ತು ಶುಕ್ರವಾರ. ಹೊಸಬಳು ಸೇರಿದ್ದಕ್ಕೆ ಏಳೂ ಜನರ ಫೋಟೋ ಅದೇ ಹೊತ್ತಿಗೆ ಇತ್ತು. ನಾನು ಎಡಗಾಲು ಮುಂದಿಟ್ಟು ನಿಂತೆ. ಆ ಫೋಟೋದಲ್ಲಿ ನಾನು ಚೆನ್ನಾಗಿಯೇ ಬಂದಿದ್ದೇನೆ.

ಆಮೇಲೆ ನನಗೆ ಬುದ್ಧಿ ಬಂದು ಗುಂಪು ಬಿಟ್ಟೆ ಎಂದು ಬರೆದರೆ ಓದಲು ಹಿತವಾಗಿರುತ್ತಿತ್ತು. ಬಿಡಲಿಲ್ಲ. ಕೊನೆಯ ವರ್ಷ ನಾನೇ ಮುಖಂಡೆಯಾದೆ. ಅದೇ ಬಂಡೆಯ ಮೇಲೆ ರಾಮಗಿರಿಯ ಹುಡುಗಿಯೊಬ್ಬಳನ್ನು ನಡುವೆ ನಿಲ್ಲಿಸಿ ಅದೇ ಪ್ರಶ್ನೆ ಕೇಳಿದೆ. ಅವಳು ನನಗೆ ಅಂಥದ್ದೇನೂ ಗೊತ್ತಿಲ್ಲಕ್ಕ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಒಬ್ಬಳೇ ಕೆಳಗಿಳಿದುಹೋದಳು. ಪೆದ್ದಿ ಎಂದು ನಾವು ವಾರಗಟ್ಟಲೆ ಆಡಿಕೊಂಡೆವು. ಜನ್ಮಜನ್ಮದ ಸ್ನೇಹವೆಂದು ಆಣೆಯಿಟ್ಟ ಆ ಏಳು ಜನರಲ್ಲಿ ಇಬ್ಬರ ಹೆಸರು ಈಗ ನೆನಪಿಗೇ ಬರುವುದಿಲ್ಲ.

ಊರಿನಲ್ಲಿ ಹಿರಿಯರು ಸೇರಿ ಕೇಳಿದಾಗಲೂ ರಂಗಪ್ಪ, ಒಲ್ಲೆ ಎಂದವನು ನಾನೇ ಎಂಬ ಮಾತನ್ನು ಬಿಡಲಿಲ್ಲವಂತೆ. ಯಾರೂ ನಂಬಲಿಲ್ಲ. ಮರುವರ್ಷ ಕೆಂಚಮ್ಮನನ್ನು ಹಿರೇಗುಂಟನೂರಿಗೆ ಕೊಟ್ಟರು. ಅವಳು ಮತ್ತೆ ಪುಸ್ತಕ ಹಿಡಿಯಲಿಲ್ಲ. ನನಗೆ ಡಿಗ್ರಿಯೂ ಆಯಿತು, ಕೆಲಸವೂ ಆಯಿತು.

ಹೋದ ತಿಂಗಳು ಹಿರೇಗುಂಟನೂರಿನಲ್ಲಿ ಒಂದು ನಾಮಕರಣದ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುತ್ತ ಬಂದವಳು ಕೆಂಚಮ್ಮ. ಊಟವಾದ ಮೇಲೆ ಅವಳನ್ನು ಹಿತ್ತಲಿಗೆ ಕರೆದು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮನಸ್ಸಿನಲ್ಲೇ ತಿದ್ದಿ ತೀಡಿಟ್ಟುಕೊಂಡಿದ್ದನ್ನೆಲ್ಲ ಒಪ್ಪಿಸಿದೆ. ಕ್ಷಮಿಸಲಿ, ಇಲ್ಲವೇ ಉಗಿಯಲಿ ಎಂದು ಕಾದೆ. ಅವಳು ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

“ಗೊತ್ತಿತ್ತು ಬಿಡೆ. ಗೊತ್ತಿದ್ದೋರು ಮೂರೇ ಜನ. ನಾನು ಹೇಳಿಲ್ಲ, ಮಾವ ಹೇಳೋನಲ್ಲ,” ಎಂದಳು. ಹೊರಡಲು ತಿರುಗಿದವಳು ನಿಂತಳು. “ನನ್ನ ಮಗಳು ಈ ವರ್ಷ ನಿಮ್ಮ ಕಾಲೇಜಿಗೆ ಬರ್ತಾಳೆ. ನಾನು ಕಾಲೇಜಿನ ಮೆಟ್ಲು ಹತ್ತಿದ್ದು ಅವ್ಳಿಗೆ ಗೊತ್ತಿಲ್ಲ. ಹೇಳಿದ್ರೆ ಯಾಕೆ ಬಿಟ್ಟೆ ಅಂತ ಕೇಳ್ತಾಳೆ. ನಾನು ಯಾರೋ, ನೀನು ಯಾರೋ. ಇದೊಂದಾದ್ರೂ ಹೊಟ್ಟೇಲಿ ಇಟ್ಕ.”

ನಿನ್ನೆ ಹಾಜರಿ ಕರೆದು ಪಾಠ ಮುಗಿಸಿದ ಮೇಲೆ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದಳು. ಅದೇ ಗಲ್ಲ, ಎದುರಿಗಿದ್ದವರನ್ನು ನೇರ ನೋಡುವ ಅದೇ ಕಣ್ಣು. ನಾನು ಮತ್ತೋಡಿನವಳೆಂದು ಯಾರೋ ಹೇಳಿದ್ದರಂತೆ, ಅವಳ ತಾಯಿಯ ತವರೂ ಅದೇ ಊರಂತೆ. “ಕೆಂಚಮ್ಮ ಅಂತ ಮೇಡಂ. ನಿಮ್ಗೆ ಗೊತ್ತಿರ್ಬೇಕು,” ಎಂದಳು.

ನಿಮ್ಮಮ್ಮ ಹದಿನೆಂಟಕ್ಕೇ ಗಂಡಸಿನೆದುರು ನಿಂತು ನನಗೆ ಓದಬೇಕು ಎಂದವಳು, ಓದಿನಲ್ಲಿ ನನಗಿಂತ ಎಷ್ಟೋ ಮುಂದಿದ್ದವಳು, ಈ ಮೇಜಿನ ಹಿಂದೆ ನಿಲ್ಲಬೇಕಾದವಳು ಅವಳು ಎಂದು ಹೇಳಲು ನಾಲಿಗೆ ತುರಿಸಿತು. ಆ ಮಗುವಿಗೆ ಅದನ್ನು ಕೇಳುವ ಹಕ್ಕೂ ಇತ್ತು.

“ಇಲ್ಲಮ್ಮ, ನನಗೆ ಪರಿಚಯ ಇಲ್ಲ,” ಎಂದೆ.

ಹುಡುಗಿ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. “ಹೋಗ್ಲಿ ಬಿಡ್ರಿ ಮೇಡಂ. ನಮ್ಮಮ್ಮ ಓದಿದೋಳಲ್ಲ, ನಿಮ್ಗೆ ಎಲ್ಲಿ ಗೊತ್ತಿರ್ತಾಳೆ,” ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.